1966ರ ಶೆವ್ರೊಲೆ ಟ್ರಕ್ಕಿನ ಹೊಗೆಕೊಳವೆ: ಎರಡು, ಎರಡೂಕಾಲು, ಎರಡೂವರೆ ಇಂಚುಗಳ ಲೆಕ್ಕ

ಸೆಪ್ಟೆಂಬರ್ ಎರಡನೆಯ ವಾರ ಬಲಬದಿಯಲ್ಲಿ ಪೈಪನ್ನು ತೂಗುಹಾಕುವ ಕೊನೆಯ ಹ್ಯಾಂಗರನ್ನು ಬಿಗಿದು ಟ್ರಕ್ಕನ್ನು ಸ್ಟ್ಯಾಂಡುಗಳಿಂದ ಕೆಳಗಿಳಿಸಿದೆ. ಮೂರು ವಾರಾಂತ್ಯಗಳಲ್ಲಿ ಮುಗಿಯಬಹುದೆಂದು ಏಪ್ರಿಲ್‌ನಲ್ಲಿ ಕೈಹಾಕಿದ ಕೆಲಸಕ್ಕೆ ಐದು ತಿಂಗಳು ಹಿಡಿಯಿತು. ಅಳತೆ ಮಾಡುವ ಮೊದಲೇ ಸಾಮಾನು ಕೊಂಡದ್ದು ಒಂದು ತಪ್ಪು. ಗಾಡಿಯನ್ನು ತಪ್ಪಾದ ಜಾಗದಲ್ಲಿ ಎತ್ತಿ ನಿಲ್ಲಿಸಿ ಪೈಪು ಬೆಸೆದದ್ದು ಇನ್ನೊಂದು. ಇಂಥದೇ ಹಳೆಯ ಗಾಡಿಯ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಪೈಪಿಗೆ ಬಿಡುವ ಭಾಗಕ್ಕೆ) ಯಾವ ಅಳತೆಯ ಪೈಪು ಹಾಕಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು, ಗ್ಯಾರೇಜಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದ ಅಂಕಿಗಳನ್ನು ಇಲ್ಲಿ ಕ್ರಮವಾಗಿ ದಾಖಲಿಸಿದ್ದೇನೆ.

ಗಾಡಿಯ ವಿವರ

ಇದು 1966ರ ಶೆವ್ರೊಲೆ ಸಿ-10, ಅರ್ಧ ಟನ್ ವರ್ಗದ ಪಿಕಪ್. ನಾನು ವಾಸವಿರುವುದು ಪಿಟ್ಸ್‌ಬರ್ಗಿನ ಹೊರವಲಯದಲ್ಲಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಸುರಿಯುವ ಉಪ್ಪು ಗಾಡಿಯ ಕೆಳಭಾಗದ ನಟ್ಟು ಬೋಲ್ಟುಗಳನ್ನೆಲ್ಲ ತಿಂದುಹಾಕುತ್ತದೆ. ಈ ಬರಹದ ಅರ್ಧ ಕಷ್ಟಕ್ಕೆ ಅದೇ ಕಾರಣ. ಕಾರ್ಖಾನೆಯಿಂದ ಬಂದಾಗ ಈ ಗಾಡಿಯಲ್ಲಿ 283 ಘನ ಇಂಚಿನ ವಿ-8 ಎಂಜಿನ್ ಇತ್ತು. ಹಿಂದಿನ ಮಾಲೀಕರು ಅದನ್ನು ತೆಗೆದು, ಎಪ್ಪತ್ತರ ದಶಕದ 350 ಘನ ಇಂಚಿನ, ಅಂದರೆ 5.7 ಲೀಟರಿನ ಎಂಜಿನ್ನನ್ನು ಕೂರಿಸಿ, ಅದರ ಮೇಲೆ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಇಟ್ಟಿದ್ದಾರೆ. ಎರಡೂ ಎಂಜಿನ್ನುಗಳು ಒಂದೇ ವಂಶದವಾದ್ದರಿಂದ ಹಳೆಯ ಮ್ಯಾನಿಫೋಲ್ಡುಗಳು ಹಾಗೆಯೇ ಉಳಿದುಕೊಂಡಿವೆ. ಎರಡು ತುದಿಗಳಿಂದ ಬಾಗಿ ಬಂದು ನಡುವೆ ಕೆಳಮುಖವಾಗಿ ಕೂಡುವ ಈ ಎರಕದ ಮ್ಯಾನಿಫೋಲ್ಡನ್ನು ಇಲ್ಲಿನವರು ಟಗರುಕೊಂಬು ಎಂದೇ ಕರೆಯುತ್ತಾರೆ; ನೋಡಿದರೆ ಹೆಸರು ಸರಿಯೆನಿಸುತ್ತದೆ.

ಈ ಟಗರುಕೊಂಬುಗಳಲ್ಲಿ ಮುಖ್ಯವಾಗಿ ಎರಡು ಬಗೆಯಿವೆ. ಟ್ರಕ್ಕುಗಳಿಗೂ ಸಾಮಾನ್ಯ ಕಾರುಗಳಿಗೂ ಹಾಕುತ್ತಿದ್ದವುಗಳ ಬಾಯಿ 2 ಇಂಚು. ಕಾರ್ವೆಟ್‌ನಂಥ ವೇಗದ ಗಾಡಿಗಳಿಗೆ ಹಾಕುತ್ತಿದ್ದವುಗಳ ಬಾಯಿ 2.5 ಇಂಚು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಥಟ್ಟನೆ ತಿಳಿಯುವುದಿಲ್ಲ. ನನ್ನದು ಯಾವುದೆಂದು ನೋಡದೆಯೇ ನಾನು ಪೈಪು ಕೊಂಡೆ.

ಹಂತ 1: ಏಪ್ರಿಲ್ 20, ದೂರು ಏನು

ಮನೆಯ ಹಿಂದಿನ ರಸ್ತೆಯಲ್ಲಿ ಸುಮಾರು ಅರ್ಧ ಮೈಲಿಯ ಒಂದು ಏರು ಇದೆ. ಬುಡದಲ್ಲಿ ಗಂಟೆಗೆ 35 ಮೈಲಿ ವೇಗದಿಂದ ಟಾಪ್ ಗೇರಿನಲ್ಲಿ ಪೂರ್ತಿ ಎಕ್ಸಲರೇಟರ್ ಒತ್ತಿದರೆ ನೆತ್ತಿಯಲ್ಲಿ ವೇಗ 47 ಮೈಲಿ ಮಾತ್ರ ಇರುತ್ತಿತ್ತು. 350 ಎಂಜಿನ್ನಿಗೆ ಇದು ತೀರ ಕಡಿಮೆ. ಹಿಂದಿನವರು ಹಾಕಿಸಿದ್ದ 2 ಇಂಚಿನ ಜೋಡಿ ಪೈಪುಗಳು ತುಕ್ಕು ಹಿಡಿದು ಎರಡು ಕಡೆ ತೂತಾಗಿದ್ದವು. ಬಲಗಡೆಯ ಸೈಲೆನ್ಸರ್ ಒಳಗೆ ಕಳಚಿಕೊಂಡು ಗಲಗಲ ಎನ್ನುತ್ತಿತ್ತು. ಪೆನ್ಸಿಲ್ವೇನಿಯಾದ ವಾರ್ಷಿಕ ತಪಾಸಣೆಯಲ್ಲಿ ಸೋರುವ ಹೊಗೆಕೊಳವೆಯಿದ್ದರೆ ಗಾಡಿ ಪಾಸಾಗುವುದಿಲ್ಲ, ಆದ್ದರಿಂದ ಹೇಗೂ ಬದಲಾಯಿಸಲೇಬೇಕಿತ್ತು. ಬದಲಾಯಿಸುವಾಗ ದೊಡ್ಡ ಪೈಪು ಹಾಕಿದರೆ ಎಳೆತವೂ ಸುಧಾರಿಸೀತು ಎಂದುಕೊಂಡೆ. ಎಂಜಿನ್ ಉಸಿರುಕಟ್ಟಿದಂತೆ ಓಡುತ್ತಿದೆ ಎಂಬ ನನ್ನ ಗುಮಾನಿ ಸರಿಯಾಗಿಯೇ ಇತ್ತು. ಉಸಿರು ಎಲ್ಲಿ ಕಟ್ಟಿದೆ ಎಂಬುದನ್ನು ಮಾತ್ರ ನಾನು ಹುಡುಕಲಿಲ್ಲ.

ಹಂತ 2: ಮೇ ತಿಂಗಳು, 2.5 ಇಂಚಿನ ಕಿಟ್

ಒಂದು ಅಂಗಡಿಯಿಂದ 2.5 ಇಂಚಿನ ಜೋಡಿ ಪೈಪುಗಳ ಕಿಟ್ಟನ್ನು ಸೈಲೆನ್ಸರುಗಳ ಸಮೇತ 520 ಡಾಲರಿಗೆ ತಂದೆ. ಪೆಟ್ಟಿಗೆಯ ಮೇಲೆ ಈ ಗಾಡಿಗೆ ಹೊಂದುತ್ತದೆ ಎಂದೇ ಬರೆದಿತ್ತು. ಬಿಚ್ಚಿ ನೋಡಿದಾಗ ಪೈಪಿನ ಬಾಯಿ ಮ್ಯಾನಿಫೋಲ್ಡಿನ ಬಾಯಿಗಿಂತ ಅರ್ಧ ಇಂಚು ದೊಡ್ಡದಾಗಿತ್ತು. ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸದೆ, 2 ಇಂಚಿನಿಂದ 2.5 ಇಂಚಿಗೆ ಅಗಲವಾಗುವ ಎರಡು ಚಿಕ್ಕ ತುಂಡುಗಳನ್ನು ನಡುವೆ ಹಾಕಿ, ಕ್ಲಾಂಪು ಬಿಗಿದು ಜೋಡಿಸಿದೆ.

ಮೂರು ತೊಂದರೆಗಳು ಎದುರಾದವು. ಒಂದು, ಎಡಗಡೆ ಕ್ಲಚ್ಚಿನ ಅಡ್ಡದಂಡಕ್ಕೂ ಪೈಪಿಗೂ ಜಾಗ ಸಾಲದೆ, ಕ್ಲಚ್ಚನ್ನು ಪೂರ್ತಿ ಒತ್ತಿದಾಗ ದಂಡ ಬಂದು ಪೈಪಿಗೆ ತಾಗುತ್ತಿತ್ತು. ಎರಡು, ಕ್ಲಾಂಪಿನ ಸಂದಿಗಳಲ್ಲಿ ಹೊಗೆ ಸೋರುತ್ತಿತ್ತು, ಎಷ್ಟು ಬಿಗಿದರೂ ನಿಲ್ಲಲಿಲ್ಲ. ಮೂರನೆಯದು ಸದ್ದು: ಗಂಟೆಗೆ 45 ಮೈಲಿ ವೇಗದಲ್ಲಿ, ಅಂದರೆ ನನ್ನ ಗೇರು ಟೈರುಗಳ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ, ಕ್ಯಾಬಿನೊಳಗೆ ಒಂದೇ ಸಮನೆ ಗುಂಯ್‌ಗುಡುವ ಭಾರವಾದ ಸದ್ದು ತುಂಬಿಕೊಂಡು, ಪಕ್ಕದಲ್ಲಿ ಕುಳಿತವರ ಮಾತು ಕೇಳಿಸುತ್ತಿರಲಿಲ್ಲ. ಊರೊಳಗಿನ ರಸ್ತೆಗಳಲ್ಲಿ ನಾನು ಹೆಚ್ಚಾಗಿ ಓಡಿಸುವುದು ಅದೇ ವೇಗದಲ್ಲಿ.

ಏರಿನ ನೆತ್ತಿಯಲ್ಲಿ ವೇಗ ನೋಡಿದೆ: 47 ಮೈಲಿ. ಹಿಂದೆ ಎಷ್ಟಿತ್ತೋ ಅಷ್ಟೇ.

ಮುಂದೆ ಈ ಕಿಟ್ಟನ್ನು ಕೊನೆಯ ಸಲ ಬಿಚ್ಚಿದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು, ಕೊಳ್ಳುವಾಗಲೇ ನೋಡಬೇಕಾಗಿದ್ದ ಸಂಗತಿ. ಅದರ ತಿರುವುಗಳನ್ನು ಒಳಗೆ ಅಚ್ಚು ಇಟ್ಟು ಬಗ್ಗಿಸಿರಲಿಲ್ಲ, ಬರೀ ಒತ್ತಿ ಬಗ್ಗಿಸಿದ್ದರು. ಹೀಗೆ ಬಗ್ಗಿಸಿದಾಗ ತಿರುವಿನ ಒಳಮೈ ಸುಕ್ಕಾಗಿ ಪೈಪು ಚಪ್ಪಟೆಯಾಗುತ್ತದೆ. ಒಂದು ತಿರುವನ್ನು ಹ್ಯಾಕ್ಸಾದಿಂದ ಅಡ್ಡಲಾಗಿ ಕೊಯ್ದು ವರ್ನಿಯರ್ ಇಟ್ಟು ಅಳೆದರೆ ಒಳಗೆ ಒಂದು ಕಡೆಗೆ 1.9 ಇಂಚು, ಇನ್ನೊಂದು ಕಡೆಗೆ 2.3 ಇಂಚು ಇತ್ತು. ಆ ಜಾಗದಲ್ಲಿ ಹೊಗೆ ಹಾದುಹೋಗಲು ಇರುವ ದಾರಿ ಸುಮಾರು 3.4 ಚದರ ಇಂಚು ಮಾತ್ರ. ಅಚ್ಚು ಇಟ್ಟು ಬಗ್ಗಿಸಿದ 2.25 ಇಂಚಿನ ಪೈಪಿನಲ್ಲಿ ತಿರುವಿನಲ್ಲೂ 3.5 ಚದರ ಇಂಚು ದಾರಿ ಉಳಿಯುತ್ತದೆ. ಎರಡೂವರೆ ಇಂಚಿನ ಹಣ ಕೊಟ್ಟು ಎರಡೂಕಾಲು ಇಂಚಿಗಿಂತ ಚಿಕ್ಕ ದಾರಿಯನ್ನು ನಾನು ಕೊಂಡಿದ್ದೆ.

ಹಂತ 3: ಜೂನ್ 8, ಒತ್ತಡ ಅಳೆದದ್ದು

ಏರಿನಲ್ಲಿ ವೇಗ ಹೆಚ್ಚಲಿಲ್ಲವೆಂದು ಕಂಡ ಮೇಲೆ, ಕಿಟ್ಟು ಇನ್ನೂ ಗಾಡಿಯಲ್ಲೇ ಇರುವಾಗ, ಅಳತೆಗೆ ಕೂತೆ. ಪ್ರತಿ ಬದಿಯ ಮ್ಯಾನಿಫೋಲ್ಡಿನ ಬಾಯಿಯಿಂದ ಸುಮಾರು 8 ಇಂಚು ಕೆಳಗೆ, ಆಕ್ಸಿಜನ್ ಸೆನ್ಸರ್ ಕೂರಿಸುವಂಥ ಥ್ರೆಡ್ಡಿನ ತೂತಿರುವ ಬಿರಡೆಯೊಂದನ್ನು ಬೆಸೆದೆ. ಅದಕ್ಕೆ ಮೂರು ಅಡಿ ತಾಮ್ರದ ನಳಿಕೆ, ನಳಿಕೆಯ ತುದಿಗೆ ರಬ್ಬರ್ ಹೋಸು, ಹೋಸಿನ ತುದಿಗೆ 0ಯಿಂದ 15 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ) ಅಳೆಯುವ ಗೇಜು. ತಾಮ್ರದ ನಳಿಕೆಯಿಲ್ಲದೆ ನೇರವಾಗಿ ರಬ್ಬರ್ ಹೋಸು ಸಿಕ್ಕಿಸಿದರೆ ಅದು ಕರಗಿಹೋಗುತ್ತದೆ. ಗೇಜು 28 ಡಾಲರ್, ಬಿರಡೆಗಳು 12, ನಳಿಕೆ ಮತ್ತು ಹೋಸು 9. ಇಡೀ ಕೆಲಸದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಸಾರ್ಥಕವಾದ 49 ಡಾಲರ್ ಇದು.

ಗೇಜನ್ನು ಮುಂಗಾಜಿಗೆ ಟೇಪಿನಿಂದ ಅಂಟಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಏರಿನಲ್ಲಿ ಮೂರನೆಯ ಗೇರಿನಲ್ಲಿ ಪೂರ್ತಿ ಒತ್ತಿ ಓಡಿಸಿದೆ. ಮೊದಲು ಎಡಗಡೆ: 2 ಪಿಎಸ್ಐ. ಮನೆಗೆ ಬಂದು, ಪೈಪು ತಣ್ಣಗಾಗುವವರೆಗೆ ಕಾದು, ನಳಿಕೆಯನ್ನು ಬಲಗಡೆಗೆ ಬದಲಾಯಿಸಿ ಮತ್ತೆ ಹೋದೆವು. ಬಲಗಡೆಯೂ ಸರಿಸುಮಾರು 2. ಎರಡೂ ಬದಿ ಸಮ, ಎರಡೂ ಕಡಿಮೆ. ಹಾಗಾದರೆ ಪೈಪಿನಲ್ಲಿ ಹೇಳಿಕೊಳ್ಳುವಂಥ ತಡೆಯೇ ಇಲ್ಲ. ಆದರೂ ಗಾಡಿ ಎಳೆಯುತ್ತಿರಲಿಲ್ಲ.

ಆ ರಾತ್ರಿ ತುಮಕೂರಿಗೆ, ಚಿಕ್ಕಪ್ಪನಿಗೆ ಫೋನು ಮಾಡಿದೆ. ಅವರು ಮೂವತ್ತು ವರ್ಷ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡಿದವರು. ನಾನು ಅಂಕಿಗಳನ್ನೆಲ್ಲ ಒಪ್ಪಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಗೇಜು ಎಲ್ಲಿ ಹಾಕಿದೀಯೋ? ಮ್ಯಾನಿಫೋಲ್ಡಿನ ಕೆಳಗಾ, ಮೇಲಾ?”

“ಕೆಳಗೆ ಚಿಕ್ಕಪ್ಪ, ಪೈಪಿನಲ್ಲಿ.”

“ಹಂಗಾದ್ರೆ ಅದಕ್ಕಿಂತ ಮೇಲೆ ಕಟ್ಟಿದ್ರೆ ನಿನ್ ಗೇಜಿಗೆ ಹೆಂಗೆ ಗೊತ್ತಾಗ್ಬೇಕು? ನಮ್ ಲಾರಿಗಳಲ್ಲಿ ಎಕ್ಸಾಸ್ಟ್ ಬ್ರೇಕಿನ ಬಟರ್‌ಫ್ಲೈ ಅರ್ಧಕ್ಕೆ ಹಿಡ್ಕೊಂಡ್ರೆ ಗಾಡಿ ಎಳೆಯೋದೇ ಇಲ್ಲ ಕಣೋ. ನಿಂದ್ರಲ್ಲಿ ಅಂಥದ್ದು ಏನೂ ಇಲ್ವಾ?”

ನನ್ನ ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಇಲ್ಲ. ಆದರೆ ಅಂಥದೊಂದು ಬಟರ್‌ಫ್ಲೈ, ಅಂದರೆ ಕೊಳವೆಯೊಳಗೆ ತಿರುಗಿ ದಾರಿ ಮುಚ್ಚುವ ತಟ್ಟೆ, ಇದೆ.

ಹಂತ 4: ಜೂನ್ 9, ಬಲಗಡೆಯ ಕವಾಟ

ಈ ಎಂಜಿನ್ನುಗಳಲ್ಲಿ ಬಲಗಡೆಯ ಮ್ಯಾನಿಫೋಲ್ಡಿನ ಬಾಯಿಗೂ ಪೈಪಿಗೂ ನಡುವೆ ಹೀಟ್ ರೈಸರ್ ಎಂಬ ಕವಾಟ ಕೂರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡು, ಬಲಗಡೆಯ ಬಿಸಿ ಹೊಗೆಯನ್ನು, ಎಂಜಿನ್ನಿಗೆ ಗಾಳಿ ಪೆಟ್ರೋಲು ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗಿನ ದಾರಿಯ ಮೂಲಕ ಎಡಗಡೆಗೆ ತಳ್ಳುತ್ತದೆ. ಕಾರ್ಬ್ಯುರೇಟರಿನ ಬುಡ ಬೇಗ ಬೆಚ್ಚಗಾಗಲೆಂದು ಈ ಏರ್ಪಾಡು. ಬಿಸಿಯಾದಂತೆ ಹೊರಗಿನ ಸುರುಳಿ ಸ್ಪ್ರಿಂಗು ಸಡಿಲವಾಗಿ, ತೂಕದ ಗುಂಡು ಕೆಳಗಿಳಿದು, ಕವಾಟ ತೆರೆಯಬೇಕು. ನನ್ನದು ತೆರೆಯುತ್ತಿರಲಿಲ್ಲ. ಗುಂಡನ್ನು ಕೈಯಿಂದ ಹಿಡಿದು ತಿರುಗಿಸಲು ನೋಡಿದೆ, ಅಲುಗಲಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೂ ಅಲುಗಲಿಲ್ಲ.

ಬಿಚ್ಚಲು ಒಂದೂವರೆ ದಿನ ಬೇಕಾಯಿತು. ಬಾಯಿಯ ಫ್ಲೇಂಜನ್ನು (ಪೈಪಿನ ತುದಿಯ ಚಪ್ಪಟೆ ಬಿಲ್ಲೆಯನ್ನು) ಹಿಡಿದಿರುವ ಮೂರು ಸ್ಟಡ್ಡುಗಳಲ್ಲಿ, ಅಂದರೆ ತಲೆಯಿಲ್ಲದ ಬೋಲ್ಟುಗಳಲ್ಲಿ, ಎರಡು ಮುರಿದವು. ಒಂದನ್ನು, ಅದರ ಮೇಲೆ ನಟ್ಟು ಇಟ್ಟು ಒಳಗಿನಿಂದ ಬೆಸೆದು, ಕೆಂಪಗೆ ಕಾಯಿಸಿ, ಮೇಣದ ಬತ್ತಿಯನ್ನು ಬುಡಕ್ಕೆ ತಾಗಿಸಿ ಕರಗಿದ ಮೇಣ ಥ್ರೆಡ್ಡಿನೊಳಗೆ ಇಳಿಯಲು ಬಿಟ್ಟು, ಸ್ಪ್ಯಾನರಿನಿಂದ ಮುಂದಕ್ಕೂ ಹಿಂದಕ್ಕೂ ಆಡಿಸುತ್ತಾ ತೆಗೆದೆ. ಇನ್ನೊಂದು ಅದಕ್ಕೂ ಬಗ್ಗಲಿಲ್ಲ. ಅದನ್ನು ಡ್ರಿಲ್ಲಿನಿಂದ ಕೊರೆಯುವಾಗ ತುದಿ ಸರಿದು ತೂತು ಒಂದು ಪಕ್ಕಕ್ಕೆ ಹೋಯಿತು, ಕಾರಣ ನಡುಬಿಂದುವಿಗೆ ಪಂಚ್ ಹೊಡೆಯುವುದನ್ನು ಅವಸರದಲ್ಲಿ ಬಿಟ್ಟಿದ್ದೆ. ಕೊನೆಗೆ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ಡಿನ ಸುರುಳಿ ಕೂರಿಸಬೇಕಾಯಿತು. ಆ ಸಾಮಾನಿಗೆ 34 ಡಾಲರ್. ಈಗ ಹಾಕಿರುವ ಹೊಸ ಸ್ಟಡ್ಡುಗಳಿಗೆ ಹಿತ್ತಾಳೆಯ ನಟ್ಟುಗಳನ್ನೇ ಹಾಕಿದ್ದೇನೆ, ತುಕ್ಕಿನಿಂದ ಕಚ್ಚಿಕೊಳ್ಳದಿರಲೆಂದು. ಸ್ಟಡ್ಡು ಮತ್ತು ನಟ್ಟುಗಳಿಗೆ 22 ಡಾಲರ್.

ಕವಾಟ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ತಟ್ಟೆ ಮೂರರಲ್ಲಿ ಎರಡು ಪಾಲು ಮುಚ್ಚಿದ ಸ್ಥಿತಿಯಲ್ಲೇ ತುಕ್ಕಿನಿಂದ ಬೆಸೆದುಕೊಂಡಿತ್ತು. ಅಂಚಿನಲ್ಲಿ ಉಳಿದಿದ್ದ ಅರ್ಧಚಂದ್ರದಂಥ ಸಂದಿಯ ಸುತ್ತ ಮಸಿ ಗಟ್ಟಿಯಾಗಿ, ಕಿರುಬೆರಳಿನ ಉಗುರಿನಿಂದ ಕೆರೆದರೆ ಹಾಳೆಹಾಳೆಯಾಗಿ ಏಳುತ್ತಿತ್ತು. ಬಲಗಡೆಯ ನಾಲ್ಕು ಸಿಲಿಂಡರುಗಳ ಹೊಗೆಯಲ್ಲಿ ನೇರವಾಗಿ ಹೊರಬೀಳುತ್ತಿದ್ದದ್ದು ಆ ಸಂದಿಯಿಂದ ಮಾತ್ರ. ನಾನು ಅದರ ಕೆಳಗೆ ಗೇಜು ಹಾಕಿ, ಒತ್ತಡ ಕಡಿಮೆಯಿದೆ ಎಂದು ಬರೆದುಕೊಂಡಿದ್ದೆ.

ಕವಾಟದ ದಪ್ಪಕ್ಕೆ ಸಮನಾದ, ತಟ್ಟೆಯಿಲ್ಲದ ಖಾಲಿ ಬಳೆಯೊಂದು 18 ಡಾಲರಿಗೆ ಸಿಗುತ್ತದೆ. ಅದನ್ನು ಹಾಕಿ, ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟು, ಅದೇ 2.5 ಇಂಚಿನ ಕಿಟ್ಟನ್ನು ಮತ್ತೆ ಜೋಡಿಸಿ ಏರಿಗೆ ಹೋದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂಬುದನ್ನು ಅಷ್ಟು ಹೊತ್ತಿಗೆ ಕಲಿತಿದ್ದೆ. ನೆತ್ತಿಯಲ್ಲಿ 53 ಮೈಲಿ. ಮೂರು ಸಲ ಓಡಿಸಿದೆ, ಮೂರು ಸಲವೂ 52ರಿಂದ 53.

ಈ ಕವಾಟವನ್ನು ತೆಗೆಯುವವರು ಒಂದನ್ನು ಗಮನಿಸಬೇಕು. ಕ್ವಾಡ್ರಾಜೆಟ್ಟಿನ ಹಳೆಯ ಚೋಕ್ (ತಣ್ಣಗಿರುವಾಗ ಗಾಳಿ ತಡೆಯುವ ತಟ್ಟೆ) ನಡೆಸುವ ಸ್ಪ್ರಿಂಗು ಇನ್‌ಟೇಕ್ ಮ್ಯಾನಿಫೋಲ್ಡಿನ ಆ ಬಿಸಿ ದಾರಿಯ ಮೇಲೆಯೇ ಕೂರುತ್ತದೆ. ಕವಾಟ ಹೋದರೆ ಬಿಸಿ ತಡವಾಗಿ ಬಂದು ಚೋಕ್ ತೆರೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಾನು 45 ಡಾಲರಿನ ವಿದ್ಯುತ್ ಚೋಕ್ ಹಾಕಿಕೊಂಡೆ. ಉಪ್ಪಿನ ಕಾಲದಲ್ಲಿ ಈ ಗಾಡಿಯನ್ನು ಹೊರಗೆ ತೆಗೆಯುವುದೇ ಇಲ್ಲವಾದ್ದರಿಂದ ನನಗೆ ಕವಾಟದ ಅಗತ್ಯವಿಲ್ಲ. ಜನವರಿಯಲ್ಲೂ ಓಡಿಸುವವರು ಅದನ್ನು ಬಿಡಿಸಿ, ಗ್ರಾಫೈಟ್ ಹಾಕಿ, ಸರಾಗವಾಗಿ ತಿರುಗುವಂತೆ ಮಾಡಿ ಉಳಿಸಿಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಂತ 5: ಜುಲೈ, ಅಳತೆ ನಿರ್ಧರಿಸಿದ ಬಗೆ

ಎಳೆತದ ದೂರು ಮುಗಿದಿತ್ತು. ಸೋರಿಕೆ, ಕ್ಲಚ್ಚಿನ ದಂಡ, ಕ್ಯಾಬಿನ ಗುಂಯ್‌ಗುಡುವಿಕೆ ಉಳಿದಿದ್ದವು. ಈ ಸಲ ಮೊದಲು ಅಳೆದೆ.

ಪೈಪುಗಳನ್ನು ಮಾರುವುದು ಹೊರವ್ಯಾಸದ ಲೆಕ್ಕದಲ್ಲಿ. ಹೊಗೆ ಹೋಗುವುದು ಒಳವ್ಯಾಸದಲ್ಲಿ. 16 ಗೇಜಿನ ಪೈಪಿನ ಗೋಡೆ 0.065 ಇಂಚು ದಪ್ಪ, ಆದ್ದರಿಂದ ಎರಡು ಗೋಡೆಗೆ 0.13 ಇಂಚು ಕಳೆಯಬೇಕು. 2 ಇಂಚಿನ ಪೈಪಿನ ಒಳವ್ಯಾಸ 1.87 ಇಂಚು, ದಾರಿ 2.75 ಚದರ ಇಂಚು. 2.25 ಇಂಚಿನದು 2.12, ದಾರಿ 3.53. 2.5 ಇಂಚಿನದು 2.37, ದಾರಿ 4.41. ನನ್ನ ಮ್ಯಾನಿಫೋಲ್ಡಿನ ಬಾಯಿಯನ್ನು ಮಸಿ ಕೆರೆದು ಅಳೆದಾಗ ಒಳವ್ಯಾಸ 2.00 ಇಂಚು ಬಂತು, ದಾರಿ 3.14.

ಈ ನಾಲ್ಕು ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದಾಗಲೇ ಉತ್ತರ ಕಾಣಿಸಿತು. 2 ಇಂಚಿನ ಪೈಪು ಹಾಕಿದರೆ ಮ್ಯಾನಿಫೋಲ್ಡಿನ ಬಾಯಿಯಿಂದ ಹೊರಬರುವ ಹೊಗೆ ಮೊದಲ ಹೆಜ್ಜೆಯಲ್ಲೇ ಪೈಪಿನ ಅಂಚಿಗೆ ಡಿಕ್ಕಿ ಹೊಡೆಯುತ್ತದೆ, ಏಕೆಂದರೆ ಪೈಪಿನ ಒಳವ್ಯಾಸ ಬಾಯಿಗಿಂತ ಚಿಕ್ಕದು. 2.25 ಇಂಚಿನದು ಬಾಯಿಗಿಂತ ತುಸು ದೊಡ್ಡದು. ಅಂಚು ಅಡ್ಡ ಬರುವುದಿಲ್ಲ. 2.5 ಇಂಚಿನದು ಬಾಯಿಗಿಂತ ನೂರಕ್ಕೆ ನಲವತ್ತರಷ್ಟು ದೊಡ್ಡ ದಾರಿ. ಬಾಯಿ ಅಷ್ಟೇ ಇರುವಾಗ ಆ ಹೆಚ್ಚಿನ ಜಾಗದಿಂದ ಸಿಗುವುದು ಸದ್ದು ಮತ್ತು ಕ್ಲಚ್ಚಿಗೆ ಅಡ್ಡಿ.

ಇಲ್ಲಿ ಹಳೆಯ ಗಾಡಿ ಕಟ್ಟುವವರು ಬಳಸುವ ಒಂದು ಅಂದಾಜು ಲೆಕ್ಕದಿಂದಲೂ ತಾಳೆ ನೋಡಿದೆ. ಒಂದು ಅಶ್ವಶಕ್ತಿಗೆ ನಿಮಿಷಕ್ಕೆ 2.2 ಘನ ಅಡಿ ಹರಿವು ಬೇಕು, ಒಂದು ಚದರ ಇಂಚು ಪೈಪು ಸುಮಾರು 115 ಘನ ಅಡಿ ಬಿಡುತ್ತದೆ ಎಂಬುದು ಆ ಲೆಕ್ಕ. ನನ್ನ ಎಂಜಿನ್ 240 ಅಶ್ವಶಕ್ತಿ ಕೊಡುತ್ತದೆ ಎಂದು ಉದಾರವಾಗಿ ಹಿಡಿದರೂ ಒಂದು ಬದಿಗೆ 120; ಅದಕ್ಕೆ ಬೇಕಾದದ್ದು 264 ಘನ ಅಡಿ, ಅಂದರೆ 2.3 ಚದರ ಇಂಚು. 2 ಇಂಚಿನ ಪೈಪು ಕೂಡ ಆ ಲೆಕ್ಕಕ್ಕೆ ಸಾಕಾಗುತ್ತದೆ. 2.25 ಇಂಚಿನದು ಒಂದು ಬದಿಗೆ 180 ಅಶ್ವಶಕ್ತಿಯವರೆಗೂ ತಡೆಯುತ್ತದೆ; ನಾನು ಈ ಎಂಜಿನ್ನಿಗೆ ಮುಂದೆ ಏನೇ ಮಾಡಿದರೂ ಅದನ್ನು ಮೀರುವುದಿಲ್ಲ.

2.5 ಇಂಚು ಬಾಯಿಯ ಟಗರುಕೊಂಬುಗಳನ್ನೇ ತಂದು ಹಾಕುವ ಯೋಚನೆಯೂ ಬಂದಿತ್ತು. ಹೊಸ ಎರಕದವು ಈಗಲೂ ಸಿಗುತ್ತವೆ. ಆದರೆ ಈ ಎಂಜಿನ್ನಿನ ಹೆಡ್ಡುಗಳೂ ಕ್ಯಾಮ್ ಶಾಫ್ಟೂ ಸಾಧಾರಣವಾದವು. ಬಾಯಿ ಹಿಗ್ಗಿಸಿದ ಮಾತ್ರಕ್ಕೆ ಅವು ಹೆಚ್ಚು ಹೊಗೆ ಕಳುಹಿಸುವುದಿಲ್ಲ. ಆ ಯೋಚನೆಯನ್ನು ಕೈಬಿಟ್ಟೆ.

ಹಂತ 6: ಜುಲೈ 13ರಿಂದ ಆಗಸ್ಟ್ 10, ಕಟ್ಟಿದ್ದು

ಮ್ಯಾನಿಫೋಲ್ಡುಗಳನ್ನು ಪೂರ್ತಿ ಬಿಚ್ಚಿದೆ. ಹೆಡ್ಡಿಗೆ ಕೂರುವ ಮುಖದ ಮೇಲೆ ಉಕ್ಕಿನ ಪಟ್ಟಿಯಿಟ್ಟು ಸಂದಿ ಅಳೆಯುವ ಫೀಲರ್ ಗೇಜು ತೂರಿಸಿದರೆ ಎಡಗಡೆಯದು ತುದಿಯಲ್ಲಿ 0.012 ಇಂಚು ಡೊಂಕಾಗಿತ್ತು. ಬೆಳಗಿನ ಹೊತ್ತು ಎಂಜಿನ್ ಶುರು ಮಾಡಿದಾಗ ಕೇಳಿಸುತ್ತಿದ್ದ ಟಿಕ್‌ಟಿಕ್ ಸದ್ದಿಗೆ ಅದು ಕಾರಣ. ಹತ್ತಿರದ ಮೆಷಿನ್ ಶಾಪಿನಲ್ಲಿ ಎರಡನ್ನೂ ಸಮತಟ್ಟು ಮಾಡಿಸಿದೆ, 90 ಡಾಲರ್. ಅಲ್ಲಿಯೇ ಮುಕ್ಕಾಲು ಇಂಚಿನ ಅರ್ಧ, ಅಂದರೆ 3/8 ಇಂಚು ದಪ್ಪದ ತಗಡಿನಿಂದ ಮೂರು ತೂತಿನ ಎರಡು ಫ್ಲೇಂಜುಗಳನ್ನು ಮಾಡಿಸಿದೆ: ಒಂದು ಮುಖ ನನ್ನ 2 ಇಂಚಿನ ಬಾಯಿಯ ಗ್ಯಾಸ್ಕೆಟ್ಟಿಗೆ ಹೊಂದುವಂತೆ, ಹಿಂಬದಿ 2.25 ಇಂಚಿನ ಪೈಪು ಒಳಗೆ ಕೂತು ಬೆಸುಗೆಯಾಗುವಂತೆ. ಅವಕ್ಕೆ 80 ಡಾಲರ್. ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವಾಗ ನಡುವಿನ ಬೋಲ್ಟುಗಳಿಗೆ 30 ಅಡಿ-ಪೌಂಡು, ತುದಿಯವಕ್ಕೆ 20 ಅಡಿ-ಪೌಂಡು. ತುದಿಗಳನ್ನು ಹೆಚ್ಚು ಬಿಗಿದರೆ ಬಿಸಿಗೆ ಹಿಗ್ಗುವ ಎರಕಕ್ಕೆ ಸರಿಯಲು ಎಡೆಯಿಲ್ಲದೆ ಅದರ ಕಿವಿ ಸೀಳುತ್ತದೆ.

ಪೈಪಿಗೆ ಅಲ್ಯುಮಿನಿಯಂ ಲೇಪದ ಉಕ್ಕು, ಅಚ್ಚು ಇಟ್ಟು ಬಗ್ಗಿಸಿದ ಯು-ತಿರುವುಗಳು, ಐದಡಿಯ ನೇರ ತುಂಡುಗಳು. ಬೆಸುಗೆಗೆ ಮೊದಲು ಅಂಚಿನಿಂದ ಅರ್ಧ ಇಂಚು ಲೇಪವನ್ನು ಉಜ್ಜಿ ತೆಗೆಯಬೇಕು, ಇಲ್ಲವಾದರೆ ಮಿಗ್ ವೆಲ್ಡಿಂಗಿನ ಬೆಸುಗೆ ಗುಳ್ಳೆಗುಳ್ಳೆಯಾಗುತ್ತದೆ. ಸತುವಿನ ಲೇಪದ ಪೈಪನ್ನು ಮಾತ್ರ ಯಾರೂ ಈ ಕೆಲಸಕ್ಕೆ ತರಬಾರದು. ಬೆಸೆಯುವಾಗ ಏಳುವ ಅದರ ಹೊಗೆ ಜ್ವರ ಬರಿಸುತ್ತದೆ. ಈ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಹಿಂದೆ ಕ್ಯಾಬಿನ ಒಳಗೇ ಇರುವುದರಿಂದ, ಗಾಡಿಯ ಕೆಳಗೆ ಚುಕ್ಕಿ ಬೆಸುಗೆ ಹಾಕಿ ಜಾಗ ಗುರುತಿಸಿ, ಆಮೇಲೆ ಪೈಪನ್ನು ಕೆಳಗಿಳಿಸಿ ಬೆಂಚಿನ ಮೇಲೆ ಪೂರ್ತಿ ಬೆಸೆದೆ. ಚುಕ್ಕಿ ಹಾಕುವಾಗಲೂ ಬ್ಯಾಟರಿಯ ತಂತಿ ಬಿಚ್ಚಿ, ನೆಲದ ತಗಡಿಗೆ ಒದ್ದೆ ಕಂಬಳಿ ಹೊದಿಸಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಂತೆ ಇಟ್ಟುಕೊಂಡಿದ್ದೆ.

ಎರಡನೆಯ ದೊಡ್ಡ ತಪ್ಪು ಆಗಸ್ಟ್ 3ರಂದು ಆಯಿತು. ಸ್ಟ್ಯಾಂಡುಗಳನ್ನು ನಾನು ಚಾಸಿಗೆ ಕೊಟ್ಟಿದ್ದೆ. ಹಾಗಾಗಿ ಹಿಂದಿನ ಆಕ್ಸಲ್ ತನ್ನ ಕಾಯಿಲ್ ಸ್ಪ್ರಿಂಗುಗಳಿಂದ ಕೆಳಕ್ಕೆ ಜೋತುಬಿದ್ದಿತ್ತು. ಆಕ್ಸಲಿನ ಮೇಲಿಂದ ಹಾದುಹೋಗುವ ಬಾಗುಗಳನ್ನು ಆ ಸ್ಥಿತಿಯಲ್ಲೇ ಅಳೆದು, ಎರಡು ಇಂಚು ಅಂತರ ಬಿಟ್ಟು, ಎರಡೂ ಬದಿಯನ್ನು ಪೂರ್ತಿ ಬೆಸೆದು ಮುಗಿಸಿದೆ. ಗಾಡಿಯನ್ನು ನೆಲಕ್ಕೆ ಇಳಿಸಿದಾಗ ಆಕ್ಸಲ್ ನಾಲ್ಕು ಇಂಚು ಮೇಲೆದ್ದು ಎರಡೂ ಪೈಪುಗಳನ್ನು ಸಾಮಾನು ಹೇರುವ ಹಾಸಿನ ತಳಕ್ಕೆ ಒತ್ತಿ ಹಿಡಿಯಿತು. ಎಡಗಡೆಯ ಬೆಸುಗೆ ಒಂದು ಕಡೆ ಬಿರಿಯಿತು. ಎರಡೂ ಬಾಗುಗಳನ್ನು ಕೊಯ್ದು ತೆಗೆದು, ಇನ್ನೆರಡು ಯು-ತಿರುವು ತಂದು, ಈ ಸಲ ಸ್ಟ್ಯಾಂಡುಗಳನ್ನು ಆಕ್ಸಲಿನ ಕೆಳಗೇ ಕೊಟ್ಟು, ಗಾಡಿಯ ಭಾರ ಸ್ಪ್ರಿಂಗುಗಳ ಮೇಲೆ ಕೂತಿರುವಾಗ ಮತ್ತೆ ಅಳೆದೆ. ಈಗ ಆಕ್ಸಲಿನ ಮೇಲೆ ಮೂರೂವರೆ ಇಂಚು ಎಡೆಯಿದೆ, ಆಕ್ಸಲನ್ನು ಹಿಡಿದಿರುವ ಉದ್ದನೆಯ ಹಿಂಭುಜಗಳ ಪಕ್ಕದಲ್ಲಿ ಮುಕ್ಕಾಲು ಇಂಚು. ನಾಲ್ಕು ಚೀಲ ಮರಳು ಹೇರಿ ಮತ್ತೊಮ್ಮೆ ನೋಡಿದೆ, ತಾಗಲಿಲ್ಲ.

ಮುಂಭಾಗದಲ್ಲಿ ಎಡಗಡೆಯ ಪೈಪನ್ನು ಜೋಡಿಸುವಾಗ ಮಗ ಒಳಗೆ ಕುಳಿತು ಕ್ಲಚ್ಚನ್ನು ಒತ್ತುತ್ತಾ ಬಿಡುತ್ತಾ ಇದ್ದ, ನಾನು ಕೆಳಗೆ ಮಲಗಿ ದಂಡಕ್ಕೂ ಪೈಪಿಗೂ ನಡುವೆ ಬೆರಳು ತೂರಿಸುತ್ತಿದ್ದೆ. ಪೂರ್ತಿ ಒತ್ತಿದಾಗಲೂ ಒಂದು ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಸಿಕ್ಕಿತು. ಬಲಗಡೆಯಲ್ಲಿ ಸ್ಟಾರ್ಟರ್ ಮೋಟಾರಿಗೆ ಶಾಖ ತಾಗದಂತೆ ಒಂದು ಇಂಚು ದೂರವಿಟ್ಟು ನಡುವೆ ತಗಡಿನ ಮರೆ ಕೊಟ್ಟೆ.

ಗೇರ್ ಬಾಕ್ಸಿನ ಹಿಂದೆ ಎರಡು ಪೈಪುಗಳನ್ನು ಕೂಡಿಸುವ 2 ಇಂಚಿನ ಅಡ್ಡಕೊಳವೆ ಹಾಕಿದ್ದೇನೆ. ಈ ಎಂಜಿನ್ನಿನ ಸಿಲಿಂಡರುಗಳು 1-8-4-3-6-5-7-2 ಎಂಬ ಸರದಿಯಲ್ಲಿ ಸಿಡಿಯುತ್ತವೆ. ಬೆಸ ಅಂಕಿಯವು ಎಡಗಡೆ, ಸಮ ಅಂಕಿಯವು ಬಲಗಡೆ. ಬಲಗಡೆ 8 ಮತ್ತು 4, ಎಡಗಡೆ 5 ಮತ್ತು 7 ಬೆನ್ನುಬೆನ್ನಿಗೆ ಬರುವುದರಿಂದ ಒಂದು ಪೈಪಿನ ಒತ್ತಡ ಇನ್ನೊಂದಕ್ಕೆ ಹಂಚಿಹೋಗಲು ಈ ಅಡ್ಡಕೊಳವೆ ದಾರಿ ಕೊಡುತ್ತದೆ. ಅದರ ಜಾಗ ಗುರುತಿಸಲು ಪೈಪಿಗೆ ಬಣ್ಣ ಬಳಿದು ಎಲ್ಲಿ ಮೊದಲು ಸುಡುತ್ತದೆಂದು ನೋಡುವ ಪದ್ಧತಿಯಿದೆ. ಮಾಡಿ ನೋಡಿದೆ, ನನ್ನ ಪೈಪಿನ ಬಣ್ಣ ಎರಡು ಅಡಿ ಉದ್ದಕ್ಕೂ ಒಂದೇ ರೀತಿ ಸುಟ್ಟಿತು. ಜಾಗ ಸಿಕ್ಕಲ್ಲಿ ಹಾಕಿದೆ.

ಹ್ಯಾಂಗರುಗಳೆಲ್ಲ ರಬ್ಬರಿನವು. ಹತ್ತಡಿಯ ಉಕ್ಕಿನ ಪೈಪು ಚೆನ್ನಾಗಿ ಕಾದಾಗ ಕಾಲು ಇಂಚಿಗಿಂತ ಹೆಚ್ಚು ಉದ್ದವಾಗುತ್ತದೆ, ಅದಕ್ಕೆ ಸರಿಯಲು ಎಡೆ ಬೇಕು.

ಹಂತ 7: ಸೆಪ್ಟೆಂಬರ್, ಫಲ ಮತ್ತು ಖರ್ಚು

ಏರಿನ ನೆತ್ತಿಯಲ್ಲಿ 53 ಮೈಲಿ. 2.5 ಇಂಚಿನ ಕಿಟ್ಟಿನಲ್ಲಿ, ಕವಾಟ ತೆಗೆದ ಮೇಲೆ ಎಷ್ಟು ಬಂದಿತ್ತೋ ಅಷ್ಟೇ. ಪೈಪಿನ ಒತ್ತಡ ಎರಡೂ ಬದಿ 1.75 ಪಿಎಸ್ಐ. ಹೆಚ್ಚಿದ ಆರು ಮೈಲಿಯಷ್ಟೂ 18 ಡಾಲರಿನ ಬಳೆಯಿಂದ ಬಂದದ್ದು, 2.25 ಇಂಚಿನ ಪೈಪು ವೇಗಕ್ಕೆ ಏನನ್ನೂ ಸೇರಿಸಲಿಲ್ಲ, ಏನನ್ನೂ ಕಳೆಯಲೂ ಇಲ್ಲ. ಅದು ಕೊಟ್ಟದ್ದು ಬೇರೆ: 45 ಮೈಲಿಯಲ್ಲಿ ಈಗ ಕ್ಯಾಬಿನೊಳಗೆ ಮೆಲುದನಿಯಲ್ಲಿ ಮಾತನಾಡಬಹುದು, ಕ್ಲಚ್ಚಿಗೆ ಅಡ್ಡಿಯಿಲ್ಲ, ಫ್ಲೇಂಜಿನ ಸುತ್ತ ಮಸಿಯ ಗೆರೆಯಿಲ್ಲ. ಹಿಂದಿನ ಚಕ್ರಗಳ ಹಿಂದೆ ಹೊರಬೀಳುವ ಸದ್ದು ಗಂಭೀರವಾಗಿದೆ, ಕರ್ಕಶವಾಗಿಲ್ಲ. ತಪಾಸಣೆಯಲ್ಲಿ ಗಾಡಿ ಪಾಸಾಯಿತು.

ಮೇಲೆ ಬೆಲೆ ಹೇಳಿರುವವುಗಳ ಜೊತೆಗೆ, ಆರು ಯು-ತಿರುವುಗಳಿಗೆ 144 ಡಾಲರ್, ನೇರ ಪೈಪುಗಳಿಗೆ 80, ಎರಡು ಸೈಲೆನ್ಸರುಗಳಿಗೆ 116, ಹ್ಯಾಂಗರಿಗೆ 40, ಕ್ಲಾಂಪಿಗೆ 44, ವೆಲ್ಡಿಂಗಿನ ತಂತಿ ಮತ್ತು ಗ್ಯಾಸಿಗೆ 35. ಒಟ್ಟು 797 ಡಾಲರ್. ಇದರಲ್ಲಿ 48 ಡಾಲರ್ ಆಕ್ಸಲ್ ಜೋತುಬಿದ್ದಿದ್ದಾಗ ಅಳೆದ ತಪ್ಪಿಗೆ. ಮೊದಲ ಕಿಟ್ಟಿನ 520 ಡಾಲರ್ ಬೇರೆ. ಕೊಯ್ದು ನೋಡಿದ ಕಿಟ್ಟನ್ನು ಹಿಂತಿರುಗಿಸುವಂತಿರಲಿಲ್ಲ.

ಉಳಿದ ಕೆಲಸ ಎರಡು. 500 ಮೈಲಿ ಓಡಿದ ಮೇಲೆ ಮ್ಯಾನಿಫೋಲ್ಡಿನ ಬೋಲ್ಟುಗಳನ್ನೂ ಫ್ಲೇಂಜಿನ ಹಿತ್ತಾಳೆ ನಟ್ಟುಗಳನ್ನೂ ತಣ್ಣಗಿರುವಾಗ ಮತ್ತೊಮ್ಮೆ ಬಿಗಿಯಬೇಕು. ಈವರೆಗೆ 140 ಮೈಲಿ ಆಗಿದೆ. ಬಲಗಡೆಯಲ್ಲಿ ಪಕ್ಕಕ್ಕೆ ಸರಿದ ತೂತಿಗೆ ಕೂರಿಸಿದ ಥ್ರೆಡ್ಡಿನ ಸುರುಳಿ ಆ ಬಿಗಿತವನ್ನು ತಡೆಯುತ್ತದೆಯೇ ಎಂಬುದನ್ನು ಆಗ ನೋಡಬೇಕು. ತಡೆಯದಿದ್ದರೆ ಆ ಸ್ಟಡ್ಡನ್ನು ತೆಗೆದು ಆರಪಾರು ಬೋಲ್ಟು ಹಾಕಲು ಫ್ಲೇಂಜಿನ ಹಿಂದೆ ಜಾಗ ಇದೆ, ಅಳೆದಿಟ್ಟಿದ್ದೇನೆ.